ಕೆರೆಯಲ್ಲಿ ವಿಶೇಷವಿಲ್ಲ

ಕಳೆದ ಚಳಿಗಾಲದಲ್ಲಿ ಗಂಗವ್ವ ನನ್ನನ್ನು ಕೆರೆಗೆ ಕರೆದುಕೊಂಡು ಹೋದಳು. ಬೆಳ್ಳಟ್ಟಿಯಲ್ಲಿ ಶಿಕ್ಷಕಿಯಾಗಿ ನಿವೃತ್ತಳಾದ ಮೇಲೂ ಸುಮ್ಮನೆ ಕೂರದ ಹೆಂಗಸು ಅವಳು. ಎಲ್ಲೆಲ್ಲಿಂದಲೋ ಇಪ್ಪತ್ತು ಮಕ್ಕಳನ್ನು ಕೂಡಿಸಿ ಮುಂದೆ ಕಳಿಸಿ, ತಾನೊಂದು ಜೀಪು ತಂದು ಗದಗಿನ ನನ್ನ ಮನೆಯೆದುರು ನಿಲ್ಲಿಸಿದಳು. "ಅಕ್ಕೋರ, ಇವತ್ತ ಯಾವ ನೆವಾನೂ ಹೇಳಬ್ಯಾಡ್ರಿ, ಕುಂಡ್ರಿ" ಎಂದಳು. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ನನಗೀಗ ಎಪ್ಪತ್ತೈದರ ಹತ್ತಿರ, ಅವಳಿಗೂ ಅರವತ್ತು ದಾಟಿದೆ. ಆದರೂ ನನ್ನೆದುರು ಅವಳು ಸೆರಗು ಸರಿಮಾಡಿಕೊಂಡೇ ನಿಲ್ಲುತ್ತಾಳೆ.

ಏರಿ ಹತ್ತುವ ಮೊದಲೇ ಆ ವಾಸನೆ ಬಂತು. ನೀರು ಇಳಿದ ಕೆಸರು, ಕೊಳೆತ ಜೊಂಡು, ಹಕ್ಕಿಗಳ ಹಿಕ್ಕೆ. ಒಳ್ಳೆಯ ವಾಸನೆ ಎಂದು ಯಾರೂ ಹೇಳುವಂಥದಲ್ಲ. ಅದು ಮೂಗಿಗೆ ಬಿದ್ದದ್ದೇ ತಡ, ನನ್ನ ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ಹೊಟ್ಟೆಕಿಚ್ಚು ಎಂದು ಹಿರಿಯರು ಸುಮ್ಮನೆ ಹೆಸರಿಟ್ಟಿಲ್ಲ. ಅದು ಸರಿಯಾಗಿ ಅಲ್ಲೇ ಉರಿಯುತ್ತದೆ, ಎದೆಯಲ್ಲಲ್ಲ, ತಲೆಯಲ್ಲಲ್ಲ. ಐವತ್ತು ವರ್ಷ ಬೂದಿ ಮುಚ್ಚಿಟ್ಟರೂ ಕೆದಕಿದರೆ ಕೆಂಡ ಇರುತ್ತದೆ.

ಊರಿನ ಹೆಸರು ಬರೆಯುವುದಿಲ್ಲ. ಶಿರಹಟ್ಟಿ ತಾಲೂಕಿನ ಒಂದು ಕೆರೆಯ ಊರು ಎಂದರೆ ಸಾಕು. ಊರಿನ ತಪ್ಪೇನೂ ಇಲ್ಲ, ತಪ್ಪು ನನ್ನದು.

ನಾನು ಅಲ್ಲಿಗೆ ಶಾಲೆಯ ಅಕ್ಕೋರಾಗಿ, ಅಂದರೆ ಶಿಕ್ಷಕಿಯಾಗಿ, ಹೋದದ್ದು ಏಕೀಕರಣದ ವರ್ಷ. ನಮ್ಮ ಶಾಲೆಯ ದೊಡ್ಡ ಮಾಸ್ತರರು ಹರಟೆಗೆ ಕೂತರೆ ಅದನ್ನೇ ಹೇಳುತ್ತಿದ್ದರು: "ನಾ ಇದ ಕುರ್ಚಿ ಮ್ಯಾಲೆ ಕುಂತೀನ್ರಿ. ಮೊದಲ ಸಂಸ್ಥಾನದಾಂವ ಇದ್ದೆ, ಆಮ್ಯಾಲೆ ಮುಂಬೈದಾಂವ ಆದೆ, ಈಗ ಮೈಸೂರಾಂವ ಆಗಾಕ ಹತ್ತೀನಿ. ಕುರ್ಚಿ ಮಾತ್ರ ಜಾಗಾ ಬಿಟ್ಟಿಲ್ಲ." ನನಗಾಗ ಇಪ್ಪತ್ತೊಂದು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಮೊದಲ ವರ್ಗ, ಧಾರವಾಡದಲ್ಲಿ ಎರಡು ವರ್ಷದ ಟ್ರೇನಿಂಗು. ಅಲ್ಲಿಂದ ಒಂದು ಜೊತೆ ಚಪ್ಪಲಿ ತಂದಿದ್ದೆ, ಹಿಮ್ಮಡ ಸವೆಯಬಾರದೆಂದು ಅರ್ಧಚಂದ್ರದಂಥ ಕಬ್ಬಿಣದ ಪಟ್ಟಿ ಬಡಿಸಿದ್ದೆ. ಆ ಊರಿನಲ್ಲಿ ಚಪ್ಪಲಿ ಮೆಟ್ಟುವ ಹೆಂಗಸು ನಾನೊಬ್ಬಳೇ. ಶಾಲೆಯ ಪರಸಿ ಕಲ್ಲಿನ ಮೇಲೆ ಟಕ್ ಟಕ್ ಎಂದು ಅದು ಸದ್ದು ಮಾಡಿದರೆ ಮಕ್ಕಳು ಗಪ್ಪಾಗುತ್ತಿದ್ದರು. ಆ ಸದ್ದು ನನಗೆ ಬಹಳ ಇಷ್ಟವಾಗಿತ್ತು.

ನನಗೆ ಕೊಟ್ಟಿದ್ದ ವಿಷಯಗಳಲ್ಲಿ ನಿಸರ್ಗ ಪರಿಚಯವೂ ಒಂದು. ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಹೂವಿನ ಭಾಗಗಳನ್ನು ನಾನು ಬರೆದರೆ ಅಳಿಸಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ. ಜೊತೆಗೆ ನಿಸರ್ಗ ದಿನಚರಿ ಎಂಬ ದೊಡ್ಡ ವಹಿ ಇತ್ತು. ಇಂದು ಮಳೆ ಬಂತು, ಇಂದು ಬೇವು ಚಿಗುರಿತು, ಕೆರೆಗೆ ಇಂಥ ಹಕ್ಕಿ ಬಂತು ಎಂದು ದಿನವೂ ಬರೆಯಬೇಕು, ಸೂಟಿಯಲ್ಲೂ ಬಿಡುವಂತಿಲ್ಲ. ಶನಿವಾರಕ್ಕೊಮ್ಮೆ ದೊಡ್ಡ ಮಾಸ್ತರರ ಸಹಿ. ನನ್ನ ಅಕ್ಷರ ಮುತ್ತು ಪೋಣಿಸಿದಂತಿತ್ತು. ಏನು ಬರೆದಿದ್ದೆ ಎಂದು ಯಾರೂ ಓದುತ್ತಿರಲಿಲ್ಲ, ಹೇಗೆ ಬರೆದಿದ್ದೆ ಎಂದು ಎಲ್ಲರೂ ಹೊಗಳುತ್ತಿದ್ದರು.

ಆ ಜೂನಿನಲ್ಲೇ ನೂಲುವುದು, ನೇಯುವುದನ್ನು ಕಲಿಸಲು ಬೆಟಗೇರಿಯಿಂದ ಶಂಕ್ರವ್ವ ಬಂದಳು. ನನಗಿಂತ ಹತ್ತು ವರ್ಷ ದೊಡ್ಡವಳು, ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದ. ತವರಿನಲ್ಲೂ ಮಗ್ಗ, ಅತ್ತೆಮನೆಯಲ್ಲೂ ಮಗ್ಗ. ಮುಲ್ಕಿಯನ್ನು ಎರಡನೆಯ ಸಲಕ್ಕೆ ದಾಟಿದ್ದಳಂತೆ. ಅವಳ ಅಕ್ಷರಗಳು ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿದ್ದವು. ಊರಿನಲ್ಲಿ ಇಬ್ಬರು ಹೆಂಗಸರಿಗೆ ಸಿಕ್ಕಿದ್ದು ಒಂದೇ ಖೋಲಿ. ಒಂದು ಮೂಲೆ ನನ್ನದು, ಒಂದು ಅವಳದು, ಒಲೆ ಇಬ್ಬರದು. ಮೊದಲ ತಿಂಗಳು ನನಗೆ ಅವಳ ಮೇಲೆ ಕನಿಕರವಿತ್ತು. ಕನಿಕರ ಪಡುವಾಗ ಎಷ್ಟು ಹಾಯಾಗಿರುತ್ತದೆ ಎಂಬುದು ಅದು ಹೋದ ಮೇಲೆ ತಿಳಿಯಿತು.

ಶುರುವಾದದ್ದು ನೂಲು ತೊಳೆಯುವುದರಿಂದ. ಮಕ್ಕಳು ತಕಲಿಯಲ್ಲಿ ತೆಗೆದ ನೂಲಿನ ಲಡಿಗಳನ್ನು ತೊಳೆಯಬೇಕು, ಊರ ಬಾವಿಯ ನೀರು ಸವಳು. ಅದಕ್ಕೆ ಅವಳು ಮಕ್ಕಳನ್ನು ಕೆರೆಗೆ ಕರೆದುಕೊಂಡು ಹೋದಳು. ಲಡಿ ತೊಳೆದು ಜಾಲಿ ಗಿಡಕ್ಕೆ ಹರವಿ, ಒಣಗುವ ತನಕ ಅಲ್ಲೇ ಕೂಡಿಸಿದಳು. ಗಂಟೆ ಬಾರಿಸಿದ ಮೇಲೆ ಬಂದ ಮಕ್ಕಳು ಮೊಣಕಾಲ ತನಕ ಕೆಸರಾಗಿದ್ದರು. ಮುಖದಲ್ಲಿ ಎಂಥದೋ ಹೊಳಪು, ನನ್ನ ತಾಸಿನಲ್ಲಿ ನಾನೆಂದೂ ಕಂಡಿರದ ಹೊಳಪು. ಆ ಹೊಳಪನ್ನು ನೋಡಿದಾಗಲೇ ನನಗೆ ಮೊದಲ ಸಲ ಚುರಕ್ಕೆಂದಿತು.

ಏನು ಕಲಿಸುತ್ತಾಳೆ ನೋಡೋಣ ಎಂದು ಒಂದು ದಿನ ನಾನೂ ಹೋದೆ. ಏರಿಯ ಮೇಲೆ ಒಂದು ಹಳೆಯ ಕಲ್ಲಿನ ಮಂಟಪವಿತ್ತು. ಅದರಲ್ಲಿ ಮಕ್ಕಳನ್ನು ಕೂಡಿಸಿ ಸುಮ್ಮನೆ ನೀರು ನೋಡಲು ಹೇಳಿದ್ದಳು. ಒಬ್ಬ ಹುಡುಗ ಉದ್ದ ಕಾಲಿನ ಹಕ್ಕಿಯೊಂದನ್ನು ತೋರಿಸಿ ಅದರ ಹೆಸರು ಕೇಳಿದ.

"ನನಗೂ ಗೊತ್ತಿಲ್ಲಪಾ" ಎಂದಳು ಶಂಕ್ರವ್ವ. "ಹೆಸರ ಇರ್ಲಿ, ಅದು ಏನ್ ತಿನ್ನಾಕ ಹತ್ತೇತಿ ಹೇಳ ಮೊದಲ."

ನಾನು ದಂಗಾದೆ. ಶಿಕ್ಷಕಿಯಾದವಳು ಗೊತ್ತಿಲ್ಲ ಎಂದು ಹೇಳಬಾರದೆಂಬುದು ನಮಗೆ ಕಲಿಸಿದ್ದ ಮೊದಲ ಪಾಠ. ಆ ಹುಡುಗನಿಗೆ ಸಿಟ್ಟು ಬರಲಿಲ್ಲ, ಅವನು ಅರ್ಧ ತಾಸು ಕಣ್ಣು ಮಿಟುಕಿಸದೆ ಆ ಹಕ್ಕಿಯನ್ನೇ ನೋಡುತ್ತ ಕೂತ. ನನಗೆ ಆ ಹಕ್ಕಿಯ ಹೆಸರು ಗೊತ್ತಿತ್ತು. ಹೇಳಿದೆ. ಯಾರೂ ನನ್ನ ಕಡೆ ತಿರುಗಲಿಲ್ಲ.

ಮುಂಜಾನೆ ಹೋದರೆ ಅವಳ ಪಾಠ ಕೆಸರಿನಿಂದ ಶುರು. "ರಾತ್ರಿ ಯಾರ್ಯಾರ ನೀರ ಕುಡ್ಯಾಕ ಬಂದಿದ್ರು ನೋಡ್ರಿ" ಎನ್ನುತ್ತಿದ್ದಳು. ಮಕ್ಕಳು ಬಗ್ಗಿ ಹೆಜ್ಜೆ ಓದುತ್ತಿದ್ದರು. ಇದು ನರಿ, ಇದು ಮುಂಗುಸಿ, ಇದು ಕುಂಟುವ ನಾಯಿ, ಇದು ಬಸುರಿ ಎಮ್ಮೆ. ಎಷ್ಟು ಆಳ ಇಳಿದಿದೆ, ಯಾವ ಕಾಲಿನ ಮೇಲೆ ಭಾರ ಇದೆ, ನಿಂತಿತ್ತೋ ಓಡಿತ್ತೋ, ಎಲ್ಲವನ್ನೂ ಹೇಳುತ್ತಿದ್ದರು. ನೂಲಿನಲ್ಲಿ ಎಲ್ಲಿ ಗಂಟು ಬಿದ್ದಿದೆ ಎಂದು ಹುಡುಕುವ ಕಣ್ಣಿನಿಂದ ಅವಳು ನೆಲ ನೋಡುತ್ತಿದ್ದಳು, ಮಕ್ಕಳಿಗೂ ಅದನ್ನೇ ಹಿಡಿಸಿಬಿಟ್ಟಳು.

ಇಷ್ಟಾದರೂ ನಾನು ಸಹಿಸಿಕೊಂಡಿರುತ್ತಿದ್ದೆನೇನೋ. ಆದರೆ ಸಂಜೆಯಾದರೆ ನಮ್ಮ ಖೋಲಿಯ ಹೊಸ್ತಿಲಿಗೆ ಮಕ್ಕಳು ಬರತೊಡಗಿದರು. ಒಬ್ಬನ ಕೈಯಲ್ಲಿ ಗರಿ, ಒಬ್ಬಳ ಉಡಿಯಲ್ಲಿ ಬೀಜ. ಅದರಲ್ಲೂ ಗಂಗಿ. ಈಗಿನ ಗಂಗವ್ವ ಆಗ ನಾಲ್ಕನೆಯ ಇಯತ್ತೆಯ ಗಂಗಿ, ಒಂದು ಸಲ ಹೇಳಿದರೆ ಮರೆಯದ ಹುಡುಗಿ. ಅವಳಿಗೆ ಓದು ಹಿಡಿಸಿದವಳು ನಾನು, ನನ್ನ ಕೈಹಿಡಿದು ಶಾಲೆಯಿಂದ ಖೋಲಿಯ ತನಕ ಬರುತ್ತಿದ್ದವಳು ಅವಳು. ಒಂದು ಸಂಜೆ ಬಾಗಿಲಲ್ಲಿ ನಿಂತು, "ಅಕ್ಕೋರು ಅದಾರೇನ್ರಿ?" ಎಂದಳು.

"ಇಲ್ಲೇ ಅದೀನಲ್ಲ ಗಂಗಿ."

"ನೀವಲ್ರಿ. ಶಂಕ್ರವ್ವಕ್ಕೋರು."

ಅವಳು ಹಿಡಿದಿದ್ದ ಒಣ ಗೂಡನ್ನು ನಾನು ನೋಡಬೇಕೆಂದು ಕೈ ಚಾಚಿದೆ. ಕೊಟ್ಟಳು, ಆದರೆ ಕಣ್ಣು ನನ್ನ ಬೆನ್ನ ಹಿಂದೆ ಶಂಕ್ರವ್ವನನ್ನು ಹುಡುಕುತ್ತಿತ್ತು. ಅವತ್ತು ನನಗೆ ರೊಟ್ಟಿ ಸೇರಲಿಲ್ಲ. ಹತ್ತು ವರ್ಷದ ಹುಡುಗಿಯ ಕಣ್ಣಿಗಾಗಿ ಒಬ್ಬ ಟ್ರೇನಿಂಗ್ ಆದ ಅಕ್ಕೋರು ಉಪವಾಸ ಬಿದ್ದಳೆಂದರೆ ಯಾರು ನಂಬುತ್ತಾರೆ? ನಾನೇ ಹೇಳುತ್ತಿದ್ದೇನೆ, ನಂಬಿ.

ಶ್ರಾವಣದಲ್ಲಿ ಎರಡು ಚಕ್ಕಡಿ ಕಟ್ಟಿಕೊಂಡು ಕಪ್ಪತಗುಡ್ಡಕ್ಕೆ ಹೋದೆವು. ನೂಲಿಗೆ ಬಣ್ಣ ಕಟ್ಟಲು ಚಕ್ಕೆ, ಕಾಯಿ ಆರಿಸಬೇಕಿತ್ತು. ಗುಡ್ಡ ಹಸಿರಾಗಿ, ಮೋಡ ಅದರ ತಲೆ ಸವರಿಕೊಂಡು ಹೋಗುತ್ತಿತ್ತು. ಬಿದ್ದದ್ದನ್ನು ಮಾತ್ರ ಆರಿಸಬೇಕು, ಗಿಡದ ಮೈ ಕೀಳಬಾರದು ಎಂದು ಶಂಕ್ರವ್ವ ಮೊದಲೇ ತಾಕೀತು ಮಾಡಿದ್ದಳು. ಮಕ್ಕಳು ಕಗ್ಗಲಿ ಚಕ್ಕೆ, ಅಳಲೆಕಾಯಿ ಆರಿಸುತ್ತ ಒಂದು ಹಳ್ಳಕ್ಕೆ ಇಳಿದರು. ಉಸುಕಿನಲ್ಲಿ ಮೊಲದ ಹೆಜ್ಜೆ ಕಂಡಿತು. ಗಂಗಿ ಮುಂದಾಗಿ ಅದನ್ನೇ ಹಿಡಿದು ನಡೆದಳು, ಹೆಜ್ಜೆ ಪೊದೆಯೊಂದರ ಬಾಯಿಗೆ ಹೋಗಿ ನಿಂತಿತು. ಒಳಗೆ ಏನೋ ಅಲುಗಿತು. ಹುಡುಗರು ಕಲ್ಲು ಎತ್ತಿಕೊಂಡರು.

"ಬ್ಯಾಡ" ಎಂದಳು ಶಂಕ್ರವ್ವ, ದನಿ ಏರಿಸದೆ. "ಹೆಜ್ಜಿ ಯಾರದಂತ ಗೊತ್ತಾತಲ್ಲ? ಆತು. ಇಲ್ಲಿಗೆ ನಿಲ್ಲಿಸ್ರಿ. ಬೆನ್ನ ಹತ್ತಬಾರದು."

"ಯಾಕ್ರಿ ಅಕ್ಕೋರ?"

"ಅದೂ ಅಂಜಿಕೊಂಡ ಕುಂತೈತಿ. ಗೊತ್ತ ಮಾಡಿಕೊಳ್ಳೂದು ನಮ್ಮ ಕೆಲಸ. ಹಿಡ್ಯೂದು ನಮ್ಮ ಕೆಲಸ ಅಲ್ಲ."

ಹುಡುಗರು ಕಲ್ಲು ಕೆಳಗಿಟ್ಟರು. ನಾನು ಹೇಳಿದ್ದರೆ ಇಡುತ್ತಿದ್ದರೋ ಇಲ್ಲವೋ ಎಂಬ ಲೆಕ್ಕದಲ್ಲೇ ನಾನು ಗುಡ್ಡ ಇಳಿದೆ. ಆ ಹಸಿರು, ಆ ಗಾಳಿ ಯಾವುದೂ ನನ್ನ ಕಣ್ಣಿಗೆ ಬೀಳಲಿಲ್ಲ.

ಅದಾದ ಮೇಲೆ ಅವಳು ಬಟ್ಟೆಯ ಪಟ್ಟಿಯೊಂದನ್ನು ಶುರುಮಾಡಿದಳು. ಗೇಣಗಲದ ಒಂದು ಚೌಕಟ್ಟಿಗೆ ಉದ್ದುದ್ದ ಹಾಸಿನ ಎಳೆ ಬಿಗಿದು ಮಂಟಪದಲ್ಲಿಟ್ಟಳು. ದಿನವೂ ಕೆರೆಯಲ್ಲಿ ಕಂಡ ಒಂದೊಂದು ಜಾತಿಯ ಹಕ್ಕಿಗೆ ಒಂದೊಂದು ಬಣ್ಣದ ಎಳೆಯನ್ನು ಮಕ್ಕಳು ಅಡ್ಡಡ್ಡ ನೇಯಬೇಕು. ಬೆಳ್ಳಕ್ಕಿಗೆ ಬಣ್ಣವಿಲ್ಲದ ಬಿಳಿ, ಟಿಟ್ಟಿಭಕ್ಕೆ ಕಗ್ಗಲಿಯ ಕಂದು, ಮಿಂಚುಳ್ಳಿಗೆ ನೀಲಿ. ಒಂದು ದಿನ ಮುಗಿದರೆ ಒಂದು ಕೆಂಪೆಳೆ, ಮರುದಿನಕ್ಕೆ ಅದು ಗಡಿ. ಬರೆಯಲು ಬಾರದ ಒಂದನೆಯ ಇಯತ್ತೆಯ ಮಗುವೂ ಬೆರಳಿಟ್ಟು, ಆವತ್ತು ಮಿಂಚುಳ್ಳಿ ಬಂದಿತ್ತು ಎಂದು ಹೇಳುತ್ತಿತ್ತು. ಅದನ್ನು ಕಂಡ ದಿನ ನನಗೆ ಅಳು ಬಂತು. ಚೆನ್ನಾಗಿತ್ತು ಎಂದೇ ಅಳು ಬಂತು. ಹಾಳಾಗಿ ಇದ್ದಿದ್ದರೆ ನಗುತ್ತಿದ್ದೆ.

ನಾನು ದೊಡ್ಡ ಮಾಸ್ತರರ ಹತ್ತಿರ ಹೋದೆ. ನಿಸರ್ಗ ಪರಿಚಯ ನನ್ನ ವಿಷಯ, ಹೊರಗಿನ ತಾಸು ನನಗೆ ಸೇರಬೇಕು, ನೇಯುವವರು ನೇಯುವುದನ್ನು ಕಲಿಸಲಿ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. "ಹೊಸಾ ಸರಕಾರದ ಸಾಹೇಬರು ತಪಾಸಣಿಗೆ ಬರತಾರು. ಆ ತಾಸು ಯಾರ್ದು ಅಂತ ಅವರ ಹೇಳ್ಲಿ. ನನಗ ನೀವು ಇಬ್ರೂ ಬೇಕವಾ" ಎಂದರು.

ನವೆಂಬರ್ ಮೊದಲನೆಯ ದಿನ ಶಾಲೆಯಲ್ಲಿ ಬಾವುಟ ಏರಿಸಿ ಬೂಂದಿ ಹಂಚಿದೆವು. ನಾನು ಮಕ್ಕಳಿಂದ ಹಾಡು ಹೇಳಿಸಿದೆ. ದೀಪಾವಳಿ ಎದುರಿಗೇ ಇತ್ತು, ಸೂಟಿ ಬಿಟ್ಟಿತು, ಅವತ್ತೇ ನಾನು ಹುಲಕೋಟಿಗೆ, ತವರಿಗೆ ಹೊರಟೆ. ಶಂಕ್ರವ್ವ ಹೋಗಲಿಲ್ಲ. "ಹಬ್ಬದ ಮನ್ಯಾಗ ನಾ ಯಾರಿಗೆ ಬೇಕಾಗೀನ್ರಿ, ಇಲ್ಲೇ ಇರತೀನಿ" ಎಂದಳು. ಆಗಲೂ ನನಗೆ ಅವಳ ಮೇಲೆ ಮರುಕ ಹುಟ್ಟಲಿಲ್ಲ. ಸೂಟಿಯಲ್ಲೂ ಮಕ್ಕಳು ಅವಳ ಸುತ್ತ ಇರುತ್ತಾರಲ್ಲ ಎಂದು ದಾರಿಯುದ್ದಕ್ಕೂ ಕುದಿದೆ.

ತಿರುಗಿ ಬಂದ ದಿನ ಕೆರೆಯಲ್ಲಿ ಬಾತುಗಳು ತುಂಬಿದ್ದವು. ಬೂದು ಬಣ್ಣ, ತಲೆಯ ಹಿಂದೆ ಎರಡು ಕಪ್ಪು ಪಟ್ಟಿ, ಎಲ್ಲೋ ಹಿಮದ ದೇಶದಿಂದ ಬರುವಂಥವು. ನಾನು ಖೋಲಿಯಲ್ಲಿ ಕೂತು ದಿನಚರಿ ತೆಗೆದೆ. ಸೂಟಿಯ ಪುಟಗಳು ಖಾಲಿ ಇದ್ದವು, ಮರುದಿನ ಶನಿವಾರ, ಸಹಿಯ ದಿನ. ನಾನಿಲ್ಲದ ದಿನಗಳ ಎದುರಿಗೆಲ್ಲ ಒಂದೇ ಬೈಠಕ್ಕಿನಲ್ಲಿ "ಕೆರೆಯಲ್ಲಿ ವಿಶೇಷವಿಲ್ಲ" ಎಂದು ಬರೆದೆ. ನಾನು ಬಂದ ದಿನದ ಎದುರಿಗೆ "ಬಾತುಗಳು ಬಂದವು" ಎಂದು ಬರೆದೆ. ಮುತ್ತಿನಂಥ ಅಕ್ಷರ. ದೊಡ್ಡ ಮಾಸ್ತರರು ನೋಡದೆಯೇ ಸಹಿ ಹಾಕಿದರು.

ಮಂಟಪಕ್ಕೆ ಹೋಗಿ ಪಟ್ಟಿ ನೋಡಿದ್ದು ಆಮೇಲೆ. ಪಾಡ್ಯದ ಮರುದಿನದಿಂದಲೇ ಅದರಲ್ಲಿ ಬೂದೆಳೆ ಓಡಿತ್ತು. ಅಳಲೆಕಾಯಿ ನೀರಿಗೆ ತುಕ್ಕು ಹಿಡಿದ ಕುಡಗೋಲಿನ ತುಂಡು ಹಾಕಿ ಕುದಿಸಿದ ಬೂದು, ಥೇಟ್ ಬಾತಿನ ಮೈಬಣ್ಣ. ನಾನು ಬರುವುದಕ್ಕೆ ಒಂಬತ್ತು ದಿನ ಮೊದಲೇ ಬಾತು ಬಂದಿದ್ದವು. ಮೊದಲ ಎಳೆ ಹಾಕಿದವಳು ತಾನೆಂದು ಗಂಗಿ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಇದು ಇಷ್ಟಕ್ಕೇ ಉಳಿಯುತ್ತಿತ್ತು. ಆದರೆ ಸಂಕ್ರಾಂತಿಯ ಹೊತ್ತಿಗೆ ಸಾಹೇಬರು ಬರುವ ಖಬರು ಬಂತು. ದೊಡ್ಡ ಮಾಸ್ತರರು ಉಮೇದಿನಿಂದ, "ಅಕ್ಕೋರ ದಿನಚರಿ, ಶಂಕ್ರವ್ವಾರ ಪಟ್ಟಿ, ಎರಡೂ ಬಾಜೂಬಾಜೂಕ ಇಡೂನು, ಸಾಹೇಬ್ರು ತಾಳಿ ನೋಡ್ಲಿ" ಎಂದರು. ವಹಿಯಲ್ಲಿ ಶಾಯಿ ಇತ್ತು, ಸಹಿ ಇತ್ತು, ತಿದ್ದುವಂತಿರಲಿಲ್ಲ. ತಿದ್ದಬಹುದಾದದ್ದು ನೂಲು ಮಾತ್ರ.

ತಪಾಸಣೆಗೆ ಎರಡು ದಿನವಿರುವಾಗ ಲಕ್ಷ್ಮೇಶ್ವರದ ಸಂತೆ. ಅರ್ಧ ಊರು ಅಲ್ಲಿಗೆ ಹೋಗಿತ್ತು, ಶಂಕ್ರವ್ವನೂ ಹೋಗಿದ್ದಳು. ಮಟಮಟ ಮಧ್ಯಾಹ್ನ ನಾನು ಕೆರೆಯ ದಂಡೆಗುಂಟ ನಡೆದೆ. ಏರಿಯ ಎರಡೂ ಕಡೆ ನೋಡಿದೆ, ಹೊಲದಲ್ಲಿ ನೋಡಿದೆ, ಎಲ್ಲೂ ನರಪಿಳ್ಳೆ ಇರಲಿಲ್ಲ. ಮಂಟಪದ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಕೂತು, ಪಟ್ಟಿಯ ಅಂಚಿನಲ್ಲಿ ಕತ್ತರಿಯ ಮೊನೆಯಿಂದ ಬಿಡಿಸಿ, ಒಂಬತ್ತು ದಿನಗಳ ಒಂಬತ್ತು ಬೂದೆಳೆಗಳನ್ನು ಒಂದೊಂದಾಗಿ ಜಗ್ಗಿ ತೆಗೆದೆ. ಹಾಸಿನ ಎಳೆ ಹರಿಯಬಾರದೆಂದು ಉಸಿರು ಹಿಡಿದು ತೆಗೆದೆ. ನೀರಿನ ಮೇಲೆ ಬಾತುಗಳು ಗೊಣಗುತ್ತ ಕೂತಿದ್ದವು. ಮನೆಗೆ ಬಂದು ಎಳೆಗಳನ್ನು ಒಲೆಗೆ ಹಾಕಿದೆ.

ಸಂಜೆ ಶಂಕ್ರವ್ವ ಸಂತೆಯ ಚೀಲ ಇಳಿಸಿ, ಮೂಗು ಎತ್ತಿದಳು. "ನೂಲ ಸುಟ್ಟ ವಾಸನಿ ಬರತೈತಲ್ಲ ಅಕ್ಕೋರ."

"ಹಳೀ ಬತ್ತಿ ಒಲಿಗೆ ಹಾಕಿದ್ದೆ" ಎಂದೆ. ಅವಳು ನನಗಾಗಿ ತಂದಿದ್ದ ಬಾರೀಹಣ್ಣನ್ನು ತೊಳೆದು ಮುಂದಿಟ್ಟಳು.

ಸಾಹೇಬರು ಮೈಸೂರು ಕಡೆಯವರು. ಅವರ ಮಾತಿನ ಇಂಪಿಗೆ ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಮೇಜಿನ ಮೇಲೆ ನನ್ನ ವಹಿ, ಪಕ್ಕದಲ್ಲಿ ಪಟ್ಟಿ. ಅವರು ಪುಟದ ಮೇಲೊಂದು ಬೆರಳು, ಬಟ್ಟೆಯ ಮೇಲೊಂದು ಬೆರಳು ಇಟ್ಟು ಕೆಳಗಿಳಿದರು. "ವಿಶೇಷವಿಲ್ಲ, ವಿಶೇಷವಿಲ್ಲ... ಹಾಂ, ಇಲ್ಲಿ ಬಾತು. ಬಟ್ಟೇಲೂ ಇಲ್ಲೇ ಬೂದು ಶುರು. ಭೇಷ್, ಎರಡೂ ತಾಳೆ ಆಗ್ತವೆ" ಎಂದರು.

ಗಂಗಿ ಎದ್ದು ನಿಂತಳು. "ಬಾತು ಮೊದಲ ಬಂದಾವ್ರಿ ಸಾಹೇಬ್ರ. ಪಾಡ್ಯದ ಮರುದಿನ. ನಾನ ಎಳಿ ಹಾಕೀನಿ."

"ಹಾಗಾದ್ರೆ ಆ ಎಳೆ ಎಲ್ಲಿದೆ ಮಗು?"

ಗಂಗಿ ನನ್ನನ್ನು ನೋಡಿದಳು. ನಾನು ಹೇಳಿದೆ, "ಮರತಾಳ್ರಿ. ಸಣ್ಣ ಹುಡುಗಿ." ಹೇಳುವಾಗ ದನಿ ಸ್ವಲ್ಪವೂ ನಡುಗಲಿಲ್ಲ. ಒಂದು ಸಲ ಹೇಳಿದರೆ ಮರೆಯದ ಹುಡುಗಿ ಅವಳು ಎಂದು ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅವಳು ಕೂರಲಿಲ್ಲ.

ಶಂಕ್ರವ್ವ ಬಂದು ಪಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಎಳೆ ಹೋದ ಜಾಗದಲ್ಲಿ ಕೂದಲಿನಷ್ಟು ಸಣ್ಣ ಬೆಳಕಿನ ಗೆರೆ ಕಂಡಿತು, ಒಂದಲ್ಲ, ಒಂಬತ್ತು. ಅಡ್ಡ ಹೋದ ಹೊಕ್ಕಿನ ಎಳೆಯನ್ನು ಕಿತ್ತರೂ ಹಾಸಿನ ಎಳೆ ತಾನು ಬಾಗಿದ್ದ ಡೊಂಕನ್ನು ಬಿಡುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲ. ಅವಳು ಉಗುರಿನಿಂದ ಆ ಡೊಂಕುಗಳನ್ನು ಸವರಿದಳು.

"ಹುಡುಗಿ ಹೇಳೂದ ಖರೆ ಐತ್ರಿ ಸಾಹೇಬ್ರ. ಎಳಿ ನಾನ ತಗದೀನಿ. ಬಣ್ಣ ಸರಿ ಕೂತಿರಲಿಲ್ಲ."

"ಮಕ್ಕಳ ಕೆಲಸ ಕೀಳಬಹುದೇನಮ್ಮ?"

"ತಪ್ಪಾತ್ರಿ."

"ಮತ್ತೆ ಈ ದಿನಚರಿ?"

"ಅಕ್ಕೋರು ಹಬ್ಬಕ್ಕ ಊರಿಗೆ ಹೋಗಿದ್ರು. ಬಂದ ದಿನ ಕಂಡದ್ದ ಬರದಾರ."

ಸಾಹೇಬರು ನನ್ನ ಕಡೆ ನೋಡಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಆಮೇಲೆ ಅವರು ನನ್ನ ಸರ್ಟಿಫಿಕೇಟು ನೋಡಿದರು, ಅವಳ ಹೊರಳಾಡುವ ಅಕ್ಷರ ನೋಡಿದರು, ತಪಾಸಣೆಯ ಅಭಿಪ್ರಾಯ ಬರೆಯುವ ಶೆರಾ ಪುಸ್ತಕದಲ್ಲಿ ಬರೆದರು. ದಿನಚರಿಯನ್ನು ಕಣ್ಣಾರೆ ಕಂಡು ಬರೆಯತಕ್ಕದ್ದು. ಕಸಬಿನ ಶಿಕ್ಷಕಿಯವರು ಮಕ್ಕಳ ಕೆಲಸವನ್ನು ಕೆಡಿಸಕೂಡದು, ಮಗ್ಗದ ಕೋಣೆಯಲ್ಲೇ ಪಾಠ ಮಾಡತಕ್ಕದ್ದು. ಹೊರಗಿನ ನಿಸರ್ಗ ಪಾಠ ತರಬೇತಾದ ಶಿಕ್ಷಕಿಗೆ.

ಹೀಗೆ ನಾನು ಗೆದ್ದೆ. ಮರುದಿನದಿಂದ ಮಕ್ಕಳನ್ನು ಕೆರೆಗೆ ಕರೆದುಕೊಂಡು ಹೋಗುವವಳು ನಾನು. ಕೈಯಲ್ಲಿ ಪುಸ್ತಕ, ಕಾಲಲ್ಲಿ ಚಪ್ಪಲಿ. ಹಕ್ಕಿಗಳ ಹೆಸರು ಹೇಳುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ. ಸಾಲಾಗಿ ನನ್ನ ಹಿಂದೆ, ತಲೆ ತಗ್ಗಿಸಿ, ನೆಲ ನೋಡುತ್ತ ಬರುತ್ತಿದ್ದರು. ಅದನ್ನು ವಿನಯ ಎಂದುಕೊಂಡೆ, ಶಿಸ್ತು ಬಂತು ಎಂದುಕೊಂಡೆ. ಆ ಹೊಳಪು ಮಾತ್ರ ಒಬ್ಬರ ಮುಖದಲ್ಲೂ ಬರಲಿಲ್ಲ. ತಾಸು ನನ್ನದಾಗಿತ್ತು, ಮಕ್ಕಳು ಅವಳ ಹತ್ತಿರವೇ ಉಳಿದಿದ್ದರು. ಅವಳು ಮಗ್ಗದ ಕೋಣೆಯ ಕಿಟಕಿಯಿಂದ ನಮ್ಮ ಸಾಲನ್ನು ನೋಡಿ ತಿರುಗಿ ಲಾಳಿ ಹಿಡಿಯುತ್ತಿದ್ದಳು. ಅವಳಿಗೆ ದುಃಖವಾಗಿದೆಯೇ ಎಂದು ನಾನು ಕಳ್ಳಗಣ್ಣಿನಿಂದ ಹುಡುಕುತ್ತಿದ್ದೆ. ಆಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಬೇಸಿಗೆ ಮೊದಲಾಗಿ ಮುತ್ತಲ ಹೂ ಬಿಟ್ಟಿತು. ಒಂದು ಮುಂಜಾನೆ ಬಾತುಗಳು ಎದ್ದು ಹೋದವು. ಪರೀಕ್ಷೆ ಮುಗಿದದ್ದೇ ಶಂಕ್ರವ್ವ ತಾನಾಗಿಯೇ ಅರ್ಜಿ ಹಾಕಿ ಬೆಟಗೇರಿಗೆ ವರ್ಗ ಮಾಡಿಸಿಕೊಂಡಳು. ಪಟ್ಟಿಯನ್ನು ಗಂಗಿಗೆ ಕೊಟ್ಟಳು. ಹೊರಡುವಾಗ ಟ್ರಂಕನ್ನು ಚಕ್ಕಡಿಗೆ ಇಟ್ಟು, ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

"ಅಕ್ಕೋರ, ಒಂಬತ್ತ ಎಳಿ ತಗದ್ರಿ, ಒಂದ ಹಾಸೂ ಹರೀಲಿಲ್ಲ. ನನ್ನ ಕಡೆನೂ ಅಷ್ಟ ಸಾಫ್ ಆಗತಿದ್ದಿಲ್ಲ. ನಿಮಗ ಕೈ ಐತ್ರಿ. ಮಗ್ಗ ಕಲೀಬೇಕಿತ್ತು ನೀವು."

ಕೊಂಕು ಇರಲಿಲ್ಲ ಆ ಮಾತಿನಲ್ಲಿ. ಕಸಬುದಾರಳು ಕಸಬು ನೋಡಿ ಆಡಿದ ಮಾತು. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಆಮೇಲೆ ನಾನು ಗದಗಿಗೆ ಬಂದು ನೆಲೆಸಿದೆ. ಬೆಟಗೇರಿ ಅಲ್ಲೇ ಪಕ್ಕದಲ್ಲಿ. ಸೀರೆಗೆಂದು ಮಗ್ಗದ ಓಣಿಗಳಿಗೆ ಎಷ್ಟೋ ಸಲ ಹೋಗಿದ್ದೇನೆ, ಅವಳಿದ್ದ ಓಣಿಯೊಂದನ್ನು ಬಿಟ್ಟು. ಅವಳು ತೀರಿಕೊಂಡ ಸುದ್ದಿಯನ್ನು ಗಂಗವ್ವನೇ ತಂದಳು.

ಕಳೆದ ಚಳಿಗಾಲ ಅದೇ ಏರಿಯ ಮೇಲೆ ಗಂಗವ್ವ ಚೀಲದಿಂದ ಆ ಪಟ್ಟಿ ತೆಗೆದು ಮಕ್ಕಳ ಮುಂದೆ ಹರವಿದಳು. ಬಣ್ಣ ಮಾಸಿದೆ, ನೂಲು ಗಟ್ಟಿಯಿದೆ. ಮಕ್ಕಳು ಬೆರಳಿಟ್ಟು ಹಕ್ಕಿಗಳನ್ನು ಓದಿದರು. ಒಬ್ಬ ಹುಡುಗಿ ಬೆಳಕಿನ ಗೆರೆಗಳಲ್ಲಿ ಬೆರಳು ನಿಲ್ಲಿಸಿ, "ಇಲ್ಲಿ ಯಾಕ ಖಾಲಿ ಐತ್ರಿ?" ಎಂದಳು. ಅಲ್ಲಿನ ಎಳೆ ಹೋಗಿದೆ ಎಂದಷ್ಟೇ ಹೇಳಿ ಗಂಗವ್ವ ಅವರನ್ನು ನೀರಿನ ಕಡೆ ಕಳಿಸಿದಳು.

ನಾವಿಬ್ಬರೇ ಉಳಿದೆವು. ಇನ್ನು ಹೇಳದಿದ್ದರೆ ಹೇಳುವ ದಿನ ಉಳಿದಿಲ್ಲ ಅನಿಸಿತು. "ಗಂಗವ್ವ, ಆ ಎಳಿ ಶಂಕ್ರವ್ವ ತಗದದ್ದಲ್ಲ. ನಾ ತಗದದ್ದು. ನಿನ್ನ ಸುಳ್ಳ ಮಾಡಿದೆ" ಎಂದೆ.

"ಗೊತ್ತೈತ್ರಿ" ಎಂದಳು ಗಂಗವ್ವ.

"ಅಕಿ ಹೇಳಿದಳೇನು?"

"ಇಲ್ರಿ. ಸಂತಿ ಮರುದಿನ ಮುಂಜಾನೆ ಕೆಸರಿನ್ಯಾಗ ನಿಮ್ಮ ಚಪ್ಪಲಿ ಹೆಜ್ಜಿ ಇತ್ತು, ಅರ್ಧಚಂದ್ರ. ಹೋದದ್ದು ಸಾವಕಾಶ, ಬಂದದ್ದು ಜಲ್ದಿ. ಮೆಟ್ಟಲ ಹತ್ರ ಬಿಟ್ಟ ಕುಂತ ಗುರುತ ಇತ್ತು. ಪಟ್ಟಿ ನೋಡಿದ್ವಿ. ಇಪ್ಪತ್ತು ಮಂದಿಗೂ ಗೊತ್ತಾತು." ಅವಳು ಪಟ್ಟಿ ಮಡಚಿದಳು. "ಶಂಕ್ರವ್ವಕ್ಕೋರಿಗೆ ತೋರಿಸಿದ್ವಿ. ಅವರು ಅಂದ್ರು, ಯಾರದಂತ ಗೊತ್ತಾತಲ್ಲ, ಆತು, ಬೆನ್ನ ಹತ್ತಬ್ಯಾಡ್ರಿ ಅಂತ. ನಾ ಸಾಹೇಬ್ರ ಮುಂದ ಎದ್ದ ನಿಂತದ್ದು ಬಾತಿನ ಸಲವಾಗಿ ಅಷ್ಟರಿ. ನಿಮ್ಮ ಹೆಸರ ತಗೀಲಿಲ್ಲ."

ನನ್ನ ಹಿಂದೆ ತಲೆ ತಗ್ಗಿಸಿ ಬರುತ್ತಿದ್ದ ಆ ಸಾಲು ನೆನಪಾಯಿತು. ವಿನಯವಲ್ಲ ಅದು. ಎರಡು ತಿಂಗಳು, ದಿನವೂ, ಅವರು ನನ್ನ ಹಿಮ್ಮಡದ ಗುರುತನ್ನೇ ನೋಡುತ್ತ ಬಂದಿದ್ದರು. ಇಪ್ಪತ್ತು ಮಕ್ಕಳು, ಒಂದು ಮಗುವೂ ಮನೆಯಲ್ಲಿ ಬಾಯಿ ಬಿಡಲಿಲ್ಲ, ಜಗಳವಾಡಿದಾಗಲೂ ಬಿಡಲಿಲ್ಲ, ದೊಡ್ಡವರಾದ ಮೇಲೂ ಬಿಡಲಿಲ್ಲ.

ನಾಚಿಕೆಯಾಗಬೇಕಿತ್ತು. ಆಯಿತು ಕೂಡ, ಆಮೇಲೆ. ಮೊದಲು ಹತ್ತಿದ್ದು ಅದೇ ಹಳೆಯ ಕಿಚ್ಚು. ನಿವೃತ್ತಿಯಾಗುವ ತನಕ ನಾನು ಎಷ್ಟು ವರ್ಗಗಳಿಗೆ ಕಲಿಸಿದೆ, ಎಷ್ಟು ಹಲಗೆ ತುಂಬಿಸಿದೆ. ನನ್ನ ಒಬ್ಬ ಮಗುವೂ ನನ್ನ ಒಂದು ಪಾಠವನ್ನೂ ಹೀಗೆ ಕಲಿತದ್ದಿಲ್ಲ. ಅವಳು ಒಂದೇ ವರ್ಷ ಕಲಿಸಿದ್ದಳು.

ಹೊರಡುವ ಹೊತ್ತಾಯಿತು. ಗಂಗವ್ವ ಕೈ ಕೊಡಲು ಬಂದಳು, ಬೇಡವೆಂದೆ. ಕೋಲೂರಿಕೊಂಡು ಕೆಸರಿನ ದಂಡೆಯ ಮೇಲೆ ಮುಂದೆ ನಡೆದೆ. ಹಿಂದೆ ಮಕ್ಕಳ ಗುಸುಗುಸು ಕೇಳಿಸಿತು. "ಇದು ಅಜ್ಜಿದು. ಬಲಗಡೆ ಕೋಲು. ಎಡಗಾಲ ಎಳೀತಾರ ನೋಡು." "ನಡುವ ನಿಂತಾರ ಇಲ್ಲಿ. ಯಾಕ ನಿಂತಾರ?"

"ಯಾರದಂತ ಗೊತ್ತಾತಲ್ಲ" ಎಂದಳು ಗಂಗವ್ವ. "ಆತು, ಬರ್ರಿ."

ನಾನು ತಿರುಗಿ ನೋಡಲಿಲ್ಲ. ಮಕ್ಕಳಿಗೆ ಓದಲು ಸುಲಭವಾಗಲೆಂದು ಮುಂದಿನ ಹೆಜ್ಜೆಯನ್ನು ಸ್ವಲ್ಪ ಒತ್ತಿ ಇಟ್ಟೆ.